ಅಗಸೆ ನಾರಿನಿಂದ ಲೈನ್ ಮನೆಯವರೆಗೆ

ಫೆಬ್ರವರಿ ಕೊನೆಯ ವಾರ, ಕೊಡಗಿನ ಸಿದ್ದಾಪುರದ ಆಚೆಗಿನ ಯಾವುದೇ ರೊಬಸ್ಟಾ ಕಾಫಿ ತೋಟದಲ್ಲಿ ಬೆಳಗ್ಗೆ ಹಾಜರಿ ಹಾಕುವ ಹೊತ್ತಿಗೆ ನಿಂತು ಕಿವಿಗೊಟ್ಟರೆ ಸಾಕು. "ಮೇಲಿನ ಲೈನಿಂದ ಇಬ್ಬರು ಕಡಿಮೆ" ಅನ್ನುತ್ತಾರೆ ಮೇಸ್ತ್ರಿ. "ಲೈನೇ ಇಲ್ಲ, ಮೋಟರ್ ಹೇಗೆ ಹಾಕೋದು" ಎಂದು ಕೆರೆ ಕಡೆಯಿಂದ ಕೂಗು. "ಎರಡನೇ ಲೈನ್ ಕಿತ್ತು ಕೆಳಗಿನ ಭಾಗಕ್ಕೆ ಹಾಕಿ" ಎನ್ನುವುದು ತೋಟದ ಲೆಕ್ಕ ಬರೆಯುವ ರೈಟರ ಆಜ್ಞೆ. ಹೊಸದಾಗಿ ಗಿಡ ಹಾಕುವ ಜಾಗಕ್ಕೆ ಲೈನಿಂಗ್ ಮಾಡಲು ಯಾರನ್ನು ಕಳಿಸೋದು ಎಂಬ ಚರ್ಚೆ ಒಂದು ಕಡೆ. ಸಂತೆಗೆ ಹೋಗುವವರ ಹತ್ತಿರ ಬ್ಲೌಸಿಗೆ ಲೈನಿಂಗ್ ಬಟ್ಟೆ ತರಿಸುವ ಮಾತು ಇನ್ನೊಂದು ಕಡೆ. ಅಷ್ಟರಲ್ಲಿ ಯಾರದೋ ಫೋನಿನ ಲೈನ್ ಕಟ್ ಆಗುತ್ತದೆ. ಕೆಲಸದವರ ಸಾಲುಮನೆ, ಕರೆಂಟು, ನೀರಿನ ಪೈಪು, ಗಿಡದ ಸಾಲು, ರವಿಕೆಯ ಒಳಬಟ್ಟೆ, ಮಾತಿನ ಸಂಪರ್ಕ: ಎಲ್ಲಕ್ಕೂ ಒಂದೇ ಪದ. ಕೇಳುವವರಲ್ಲಿ ಒಬ್ಬರಾದರೂ "ಯಾವ ಲೈನ್?" ಎಂದು ಕೇಳುವುದಿಲ್ಲ.

ಕೇಳದೆಯೇ ಅರ್ಥವಾಗುತ್ತದೆ ಅನ್ನುವುದೇ ತಲೆಯಲ್ಲಿ ಕೊರೆಯುವ ಸಂಗತಿ. ಕನ್ನಡದಲ್ಲಿ ಪದಗಳಿಲ್ಲದೆ ಹೀಗಾಗಿಲ್ಲ. ಎಳೆದು ಕಟ್ಟಿದರೆ ದಾರ, ಹುರಿ, ಹಗ್ಗ. ಗೀಚಿದರೆ ಗೆರೆ, ಗೀಟು. ಒಂದರ ಪಕ್ಕ ಒಂದು ಇಟ್ಟರೆ ಸಾಲು. ಮೂರೂ ಬೇರೆ ಬೇರೆ ಎಂದು ನಮ್ಮ ಭಾಷೆ ಖಚಿತವಾಗಿ ವಿಂಗಡಿಸಿಕೊಂಡಿದೆ. ಎಳೆದದ್ದು, ಬರೆದದ್ದು, ಜೋಡಿಸಿದ್ದು ಎಂಬ ಈ ಮೂರನ್ನೂ ಇಂಗ್ಲಿಷಿನ ನಾಲ್ಕಕ್ಷರದ ಒಂದು ಪದ ಒಟ್ಟಿಗೆ ಹೊತ್ತು ನಡೆಯುತ್ತದೆ. ಅದು ಹೇಗೆ ಹೊತ್ತಿತು ಎಂದು ಹುಡುಕುತ್ತಾ ಹೋದರೆ ಸಿಗುವುದು ಒಂದು ಗಿಡ. ಅದೂ ಕೊಡಗಿನಲ್ಲಿ ಬೆಳೆಯದ ಗಿಡ.

ಅಗಸೆ

ಧಾರವಾಡ, ವಿಜಯಪುರದ ಕಡೆ ಚಟ್ನಿಪುಡಿಗೆ ಹಾಕುವ ಅಗಸೆ ಬೀಜ ಎಲ್ಲರಿಗೂ ಗೊತ್ತು. ಆ ಗಿಡಕ್ಕೆ ಲ್ಯಾಟಿನ್‌ನಲ್ಲಿ ಲೀನುಮ್ ಎಂಬ ಹೆಸರು, ಗ್ರೀಕರಲ್ಲಿ ಲಿನೊನ್. 1753ರಲ್ಲಿ ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನ್ನೇಯಸ್ ಇದನ್ನು ಲೀನುಮ್ ಉಸಿಟಾಟಿಸಿಮುಮ್ ಎಂದು ಕರೆದ. 'ಅತ್ಯಂತ ಉಪಯೋಗದ ಅಗಸೆ' ಎಂದರ್ಥ. (ಲಿನ್ನೇಯಸ್ ಎಂಬ ಹೆಸರಿನಲ್ಲೂ ಲಿನ್ ಇದೆಯಲ್ಲ ಎಂದು ಅನುಮಾನ ಬರುತ್ತದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಅವನ ಮನೆತನದ ಹೆಸರು ಲಿಂಡನ್ ಎಂಬ ಮರದಿಂದ ಬಂದದ್ದು.) ಬೀಜಕ್ಕಾಗಿ ಬೆಳೆಯುವ ತಳಿ ಗಿಡ್ಡ, ಮೇಲೆ ಕವಲೊಡೆಯುತ್ತದೆ. ನಾರಿಗಾಗಿ ಬೆಳೆಯುವುದನ್ನು ಒತ್ತೊತ್ತಾಗಿ ಬಿತ್ತುತ್ತಾರೆ, ಬೆಳಕಿಗಾಗಿ ಪೈಪೋಟಿಗೆ ಬಿದ್ದು ಅದು ಕವಲಿಲ್ಲದೆ ಸುಮಾರು ಒಂದು ಮೀಟರ್ ನೆಟ್ಟಗೆ ಏರುತ್ತದೆ. ಕೊಯ್ಯದೆ ಬೇರುಸಹಿತ ಕೀಳುತ್ತಾರೆ, ಕೊಯ್ದರೆ ನಾರಿನ ಉದ್ದ ಅಷ್ಟು ಕಡಿಮೆಯಾಯಿತು. ಆಮೇಲೆ ನೀರಿನಲ್ಲೋ ಇಬ್ಬನಿಯಲ್ಲೋ ಕೊಳೆಸಬೇಕು. ಕಾಂಡದ ಕಟ್ಟಿಗೆಗೂ ನಾರಿಗೂ ನಡುವಿನ ಅಂಟನ್ನು ಸೂಕ್ಷ್ಮಜೀವಿಗಳು ತಿನ್ನುವವರೆಗೆ ಬಿಟ್ಟು, ತಿಂದ ಕೂಡಲೇ ತೆಗೆಯಬೇಕು. ಬೇಗ ತೆಗೆದರೆ ಕಟ್ಟಿಗೆ ಬಿಡುವುದಿಲ್ಲ, ತಡವಾದರೆ ನಾರೇ ಕೊಳೆಯುತ್ತದೆ. ಒಣಗಿಸಿ, ಕುಟ್ಟಿ ಮುರಿದು, ಮುಳ್ಳಿನ ಹಣಿಗೆಯಲ್ಲಿ ಬಾಚಿದಾಗ ಎರಡು ಪಾಲಾಗುತ್ತದೆ: ತುಂಡು ತುಂಡಾದ ಒರಟು ನಾರು ಒಂದು, ಉದ್ದಕ್ಕೆ ನೆಟ್ಟಗೆ ಬಂದ ನುಣುಪು ನಾರು ಇನ್ನೊಂದು. ಆ ಉದ್ದನೆಯ ನಾರಿಗೆ ಇಂಗ್ಲಿಷಿನ ನೂಲುಗಾರರು ಇಂದಿಗೂ ಹೇಳುವ ಹೆಸರು ಲೈನ್.

ರೋಮಿನ ಕಟ್ಟಡದವರು ಆ ನಾರಿನ ಹುರಿಯನ್ನು ಲೀನೆಯಾ ಅಂದರು. ಅಗಸೆಯದು ಎಂದಷ್ಟೇ ಅರ್ಥ. ಗೋಡೆ ನೆಟ್ಟಗಿದೆಯೇ ನೋಡಲು ಸೀಸದ ಗುಂಡು ಕಟ್ಟಿ ಇಳಿಬಿಟ್ಟಿದ್ದೂ ಲೀನೆಯಾ, ಕಲ್ಲಿನ ಮೇಲೆ ಬಣ್ಣ ಅದ್ದಿ ಮೀಟಿದಾಗ ಬಿದ್ದ ಗೆರೆಯೂ ಲೀನೆಯಾ. ಪದ ಜಿಗಿದದ್ದು ಅಲ್ಲೇ. ದಾರವನ್ನು ಎತ್ತಿಕೊಂಡು ಹೋದ ಮೇಲೂ ಕಲ್ಲಿನ ಮೇಲೆ ಉಳಿದ ಗುರುತಿಗೆ ದಾರದ ಹೆಸರೇ ಅಂಟಿತು. ಅಗಸೆಗೇ ಈ ಪಟ್ಟ ಸಿಕ್ಕಿದ್ದಕ್ಕೆ ಕಾರಣವೂ ಇದೆ. ಅದರ ನಾರು ಎಳೆದರೆ ಬಹಳ ಹಿಗ್ಗುವುದಿಲ್ಲ, ತನ್ನ ಉದ್ದದ ನೂರಕ್ಕೆ ಎರಡು ಮೂರು ಭಾಗ ಹಿಗ್ಗುವಷ್ಟರಲ್ಲಿ ಹರಿದೇ ಹೋಗುತ್ತದೆ. ಹಿಗ್ಗದ ದಾರ ಬಿಗಿ ಮಾಡಿದರೆ ನೇರ ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಪದ ಎರಡು ಬಾರಿ ಹೊಕ್ಕಿದೆ: ಹಳೆಯ ಇಂಗ್ಲಿಷಿನ ಕಾಲದಲ್ಲೇ ಹಗ್ಗ, ಸಾಲು ಎಂಬ ಅರ್ಥದಲ್ಲಿ ಒಮ್ಮೆ, ಫ್ರೆಂಚರ ಲೀಞ್ ಎಂಬ ರೂಪದ ಜೊತೆ ಬೆರೆತು ಇನ್ನೊಮ್ಮೆ.

ಇದೇ ದಾರಿಯಲ್ಲಿ ನಮ್ಮ ಪದಗಳೂ ನಡೆದಿವೆ. ಸೂತ್ರ ಎಂದರೆ ನೂಲು; ಅದೇ ಈಗ ಗಣಿತದ ನಿಯಮ, ಶಾಸ್ತ್ರದ ಚಿಕ್ಕ ವಾಕ್ಯ. ತಂತಿ ವೀಣೆಯದಿತ್ತು, ಆಮೇಲೆ ಕಂಬದ ಮೇಲೆ ಹತ್ತಿತು, ಆಮೇಲೆ ಅದರೊಳಗೆ ಬಂದ ಸುದ್ದಿಯೇ ತಂತಿಯಾಯಿತು. 2013ರ ಜುಲೈಯಲ್ಲಿ ಟೆಲಿಗ್ರಾಂ ಸೇವೆ ನಿಲ್ಲುವವರೆಗೂ "ತಂತಿ ಬಂತು" ಅಂದರೆ ಮನೆಯವರ ಎದೆ ಹೊಡೆದುಕೊಳ್ಳುತ್ತಿತ್ತು. ನೇಗಿಲ ಸಾಲಿನಿಂದ ಹೊರಟ ಸಾಲು ಪದ್ಯದ ಸಾಲಾಯಿತು, ಸಾಲುಮರವೂ ಆಯಿತು. ಹಾಗಾಗಿ ಲೈನ್ ಎಂಬ ಪದ ಇಷ್ಟೊಂದು ಅರ್ಥ ಹೊತ್ತು ಬಂದಾಗ ಕನ್ನಡದ ಕಿವಿಗೆ ಅದು ವಿಚಿತ್ರವಾಗಿ ಕಂಡಿರಲಾರದು.

ಗೂಟ ಮತ್ತು ಹಗ್ಗ

ರೋಮಿನವರ ಲೀನೆಯಾ ಹೇಗೆ ಕೆಲಸ ಮಾಡುತ್ತಿತ್ತು ಎಂದು ಕಣ್ಣಾರೆ ನೋಡಬೇಕಾದರೆ ಹೊಸ ಕಾಫಿ ಹಾಕುವ ಜಾಗಕ್ಕೆ ಬರಬೇಕು. ಇಲ್ಲಿ ಲೈನಿಂಗ್ ಅಂದರೆ ಗಿಡ ಎಲ್ಲೆಲ್ಲಿ ನಿಲ್ಲಬೇಕು ಎಂದು ಗೂಟ ಹೊಡೆದು ಗುರುತಿಸುವುದು. ರೊಬಸ್ಟಾಗೆ 10 ಅಡಿಗೆ 10 ಅಡಿ ಇಟ್ಟರೆ ಎಕರೆಗೆ 435 ಗಿಡ, 12ಕ್ಕೆ 12 ಇಟ್ಟರೆ 302. ಅರೇಬಿಕಾ 6ಕ್ಕೆ 6 ಆದರೆ 1210, 7ಕ್ಕೆ 7 ಆದರೆ 889. ಕಾಗದದ ಮೇಲೆ ಇಷ್ಟೇ. ಆದರೆ ಒಮ್ಮೆ ನೆಟ್ಟ ಗಿಡ ಐವತ್ತು ವರ್ಷ ಅಲ್ಲೇ ಇರುತ್ತದೆ. ಲೈನಿಂಗಿನ ದಿನ ಆದ ತಪ್ಪನ್ನು ಎರಡು ತಲೆಮಾರು ಸುತ್ತಿಕೊಂಡು ನಡೆಯಬೇಕು.

ಮೊದಲ ಗೆರೆ ಬಿದ್ದದ್ದೇ ಉಳಿದೆಲ್ಲದರ ಹಣೆಬರಹ. ತೋಟದ ರಸ್ತೆಗೋ ಗಡಿಗೋ ಸಮಾನಾಂತರವಾಗಿ, ಆ ಜಾಗದ ಅತಿ ಉದ್ದದ ಬದಿಯಲ್ಲಿ ಹಗ್ಗ ಎಳೆದು ಗೂಟ ಹೊಡೆಯುತ್ತಾರೆ. ಅದಕ್ಕೆ ಅಡ್ಡ ಗೆರೆ ಬೇಕು, ಮೂಲೆ ಮಟ್ಟಸವಾಗಬೇಕು. ಮೂಲೆಗೂಟದಿಂದ ಒಂದು ಕಡೆ 30 ಅಡಿ, ಇನ್ನೊಂದು ಕಡೆ 40 ಅಡಿ ಅಳೆದು, ಎರಡೂ ತುದಿಗಳ ನಡುವೆ ಸರಿಯಾಗಿ 50 ಅಡಿ ಬರುವವರೆಗೆ ಅಡ್ಡ ಹಗ್ಗವನ್ನು ಸರಿಸಬೇಕು. ಮೂರು, ನಾಲ್ಕು, ಐದರ ಲೆಕ್ಕ ಚಿಕ್ಕದಾಗಿ ಇಟ್ಟುಕೊಂಡರೆ ಮೂಲೆಯಲ್ಲಿ ಆದ ಸಣ್ಣ ತಪ್ಪು ಜಾಗದ ಆ ತುದಿಗೆ ಹೋಗುವಷ್ಟರಲ್ಲಿ ದೊಡ್ಡದಾಗುತ್ತದೆ, ಅದಕ್ಕೇ ಹತ್ತರ ಪಟ್ಟು. ಆಮೇಲೆ ಪ್ರತಿ 10 ಅಡಿಗೆ ಬಣ್ಣದ ಬಟ್ಟೆ ಕಟ್ಟಿದ 100 ಅಡಿ ಹಗ್ಗವನ್ನು ಸಾಲಿನಿಂದ ಸಾಲಿಗೆ ಎತ್ತಿ ಇಡುತ್ತಾ, ಬಟ್ಟೆ ಇದ್ದಲ್ಲಿ ಸೀಳಿದ ಬಿದಿರಿನ ಗೂಟ ಹೊಡೆಯುತ್ತಾ ಹೋಗುವುದು. ನಾಲ್ಕು ಗೂಟಗಳ ನಡುವೆ ಕರ್ಣ ಅಳೆದರೆ 14 ಅಡಿ ಒಂದೂಮುಕ್ಕಾಲು ಇಂಚು ಬರಬೇಕು. ಎರಡು ಕರ್ಣ ಬೇರೆ ಬೇರೆ ಬಂದರೆ ಚೌಕ ವಾಲಿದೆ ಎಂದರ್ಥ.

ತಪ್ಪುವುದು ಹೆಚ್ಚಾಗಿ ಹಗ್ಗದಲ್ಲಿ. ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ನೈಲಾನ್ ಹಗ್ಗ ಎಳೆದರೆ ಹಿಗ್ಗುತ್ತದೆ. ಬೆಳಗ್ಗೆ ಉತ್ಸಾಹದಲ್ಲಿ ಗಟ್ಟಿ ಎಳೆದವರು ಮಧ್ಯಾಹ್ನ ಸಡಿಲ ಬಿಡುತ್ತಾರೆ; ನೂರಕ್ಕೆ ಎರಡು ಭಾಗ ಹಿಗ್ಗಿದರೂ 100 ಅಡಿಗೆ 2 ಅಡಿ ಆಯಿತು. ಹೊಸೆದ ನಾರಿನ ಹಗ್ಗದ್ದು ಬೇರೆ ರೋಗ: ನೆನೆದರೆ ಎಳೆಗಳು ಉಬ್ಬಿ, ಉದ್ದ ಕುಗ್ಗುತ್ತದೆ. ಇಬ್ಬನಿಯಲ್ಲಿ ಒದ್ದೆಯಾದ ಹಗ್ಗ ಹತ್ತು ಗಂಟೆಯ ಬಿಸಿಲಿಗೆ ಮತ್ತೊಂದು ಅಳತೆ ಹೇಳುತ್ತದೆ. ಗಿಡದಿಂದ ಗಿಡಕ್ಕೆ ಬರೀ 2 ಇಂಚಿನ ತಪ್ಪಾದರೂ 30 ಗಿಡ ದಾಟುವಷ್ಟರಲ್ಲಿ 5 ಅಡಿ, ಅಂದರೆ ಅರ್ಧ ಅಂತರ. ಈ ಸಾಲಿನ ಗಿಡದ ಎದುರು ಆ ಸಾಲಿನ ಖಾಲಿ ಜಾಗ ಬಂದು ನಿಲ್ಲುತ್ತದೆ. ಅದಕ್ಕೇ ತಿಳಿದವರು ಹಿಗ್ಗದ ತೆಳು ಕಬ್ಬಿಣದ ತಂತಿಯಲ್ಲೋ ಸರಪಳಿಯಲ್ಲೋ ಅಳತೆ ಗುರುತಿಟ್ಟು, ಹಗ್ಗವನ್ನು ನೇರ ನೋಡಲು ಮಾತ್ರ ಬಳಸುತ್ತಾರೆ. ಎರಡು ಸಾವಿರ ವರ್ಷದ ಹಿಂದೆ ಅಗಸೆ ಹುರಿಯನ್ನು ಆರಿಸಿದವರ ಬುದ್ಧಿಯೂ ಇದೇ.

ಕೊಡಗಿನಲ್ಲಿ ಸಮತಟ್ಟು ಜಾಗ ಎಷ್ಟಿದೆ? ಇಳಿಜಾರಿನಲ್ಲಿ ಹಗ್ಗವನ್ನು ನೆಲಕ್ಕೆ ಹಾಸಿ ಅಳೆಯುವುದು ಇನ್ನೊಂದು ಸಾಮಾನ್ಯ ತಪ್ಪು. 20 ಡಿಗ್ರಿ ಇಳಿಜಾರಿನಲ್ಲಿ ನೆಲದ ಮೇಲೆ 10 ಅಡಿ ಅಂದರೆ ಆಕಾಶದಿಂದ ನೋಡಿದಾಗ 9 ಅಡಿ 5 ಇಂಚೂ ಇಲ್ಲ. ಗಿಡಕ್ಕೆ ಬೇಕಾದ ಬೆಳಕು ಮೇಲಿನಿಂದ ಬರುವುದರಿಂದ ಅಳತೆಯೂ ಅಡ್ಡಮಟ್ಟದ್ದೇ ಆಗಬೇಕು. ಹಗ್ಗವನ್ನು ಮಟ್ಟವಾಗಿ ಹಿಡಿದು, ಇಳಿಜಾರಿನ ಕಡೆಯ ತುದಿಯಿಂದ ತೂಗುಗುಂಡು ಇಳಿಬಿಟ್ಟು, ಗುಂಡು ಮುಟ್ಟಿದಲ್ಲಿ ಗೂಟ. ಇಳಿಜಾರು ಕಡಿದಾದರೆ ಚೌಕದ ಲೆಕ್ಕವನ್ನೇ ಬಿಟ್ಟು, ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮಪಾತಳಿ ರೇಖೆ ಹಿಡಿಯಬೇಕು. ಅದಕ್ಕೆ ದೊಡ್ಡ ಉಪಕರಣ ಬೇಡ. ಮೇಲ್ತುದಿಯಲ್ಲಿ ಕೂಡಿಸಿದ ಸಮ ಉದ್ದದ ಎರಡು ಕಾಲು, ನಡುವೆ ಒಂದು ಅಡ್ಡಪಟ್ಟಿ, ತುದಿಯಿಂದ ನೇತಾಡುವ ಗುಂಡು. ಗುಂಡಿನ ದಾರ ಅಡ್ಡಪಟ್ಟಿಯ ನಡುಗುರುತಿನ ಮೇಲೆ ನಿಂತರೆ ಎರಡೂ ಕಾಲು ಒಂದೇ ಎತ್ತರದಲ್ಲಿವೆ. ನಡುಗುರುತು ಹಾಕುವಾಗ ಮಾತ್ರ ಚೌಕಟ್ಟನ್ನು ಒಂದೇ ಜಾಗದಲ್ಲಿ ತಿರುಗಿಸಿ, ಕಾಲು ಅದಲು ಬದಲು ಮಾಡಿ ಇಟ್ಟು, ಎರಡು ಬಾರಿ ಬಿದ್ದ ಗುರುತುಗಳ ಮಧ್ಯವನ್ನು ಹಿಡಿಯಬೇಕು.

ಗೂಟ ಹೊಡೆಯುತ್ತಾ ಹೋದಾಗ ಹತ್ತರಲ್ಲಿ ಒಂದಾದರೂ ನೆರಳಿನ ಮರದ ಬುಡಕ್ಕೋ ಬಂಡೆಗೋ ಬೀಳುತ್ತದೆ. ಆಗ ಗೂಟವನ್ನು ಸಾಲಿನ ಉದ್ದಕ್ಕೆ ಸರಿಸಬಹುದು, ಸಾಲಿನಿಂದ ಪಕ್ಕಕ್ಕೆ ಸರಿಸಬಾರದು. ಪಕ್ಕಕ್ಕೆ ಸರಿದ ಗಿಡ ನಡುವಿನ ದಾರಿಗೆ ಬರುತ್ತದೆ. ಔಷಧಿ ಹೊಡೆಯುವವರ ಪೈಪು ಅದಕ್ಕೆ ಸಿಕ್ಕಿ ರೆಂಬೆ ಮುರಿಯುತ್ತದೆ, ಹಣ್ಣು ಕೀಳುವವರು ಈ ಗಿಡ ತನ್ನ ಸಾಲಿನದೋ ಪಕ್ಕದವರದೋ ತಿಳಿಯದೆ ಬಿಟ್ಟುಹೋಗುತ್ತಾರೆ. ಬೇಸಿಗೆಯ ಮೊದಲ ಮಳೆ ಬಿದ್ದು ನೆಲ ಮೆದುವಾದ ಮೇಲೆ ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯುತ್ತಾರೆ. ಗುಂಡಿ ತೆಗೆದಾಗ ಗೂಟ ಹೋಗುತ್ತದೆ, ಗುಂಡಿ ಮುಚ್ಚಿದಾಗ ಅದರ ನಡುವೆಲ್ಲಿ ಎಂಬುದೂ ಹೋಗುತ್ತದೆ. ಆದ್ದರಿಂದ ಗಿಡ ನೆಡುವ ದಿನ ಹಗ್ಗವನ್ನು ಇನ್ನೊಮ್ಮೆ ಎಳೆಯಲೇಬೇಕು. ಇದನ್ನು ಬಿಟ್ಟ ಕಡೆ, ಇಷ್ಟೆಲ್ಲ ಮಾಡಿದ ಲೈನಿಂಗ್ ಒಂದು ಸಂಜೆಯಲ್ಲಿ ಹಾಳಾಗುವುದನ್ನು ನೋಡಬಹುದು.

ಇನ್ನೊಂದು ಲೈನಿಂಗ್

ರವಿಕೆಗೆ ಕೊಡುವ ಲೈನಿಂಗ್ ಈ ಲೈನಿಂಗಿನ ಅಣ್ಣನೂ ಅಲ್ಲ ತಮ್ಮನೂ ಅಲ್ಲ, ಒಂದೇ ಅಜ್ಜಿಯ ಬೇರೆ ಮನೆಯ ಮೊಮ್ಮಗಳು. ಅಗಸೆಯ ನೂಲಿನಿಂದ ನೇಯ್ದ ಬಟ್ಟೆ ಲಿನೆನ್. ಯೂರೋಪಿನಲ್ಲಿ ಉಣ್ಣೆಯ ಅಂಗಿ ಚುಚ್ಚದಿರಲಿ ಎಂದು ಒಳಗೆ ಲಿನೆನ್ ಹೊಲಿಯುತ್ತಿದ್ದರು; 14ನೆಯ ಶತಮಾನದ ಕೊನೆಗೆ 'ಲಿನೆನ್ ಹಾಕು' ಎಂಬುದೇ 'ಒಳಗೆ ಹೊದಿಸು' ಎಂದಾಯಿತು. ಒಂದು ಪದ ಗಿಡದಿಂದ ನೂಲಿಗೆ, ನೂಲಿನಿಂದ ನೇರಕ್ಕೆ ಹೋಯಿತು. ಇನ್ನೊಂದು ಗಿಡದಿಂದ ಬಟ್ಟೆಗೆ, ಬಟ್ಟೆಯಿಂದ ಒಳಪದರಕ್ಕೆ ಹೋಯಿತು. ಕೊನೆಗೆ ಇಂಗ್ಲಿಷಿನಲ್ಲಿ ಎರಡೂ ಒಂದೇ ಅಕ್ಷರಗಳಲ್ಲಿ ಬಂದು ಕೂತವು, ಕೊಡಗಿನ ಹಾಜರಿ ಕಟ್ಟೆಯಲ್ಲಿ ಒಂದೇ ಬೆಳಗ್ಗೆ ಎರಡೂ ಕೇಳಿಸುತ್ತವೆ. ಬ್ರೇಕಿನ ಲೈನಿಂಗು, ಕೆರೆಗೆ ಹಾಸುವ ಪ್ಲಾಸ್ಟಿಕ್ ಲೈನಿಂಗು ಈ ಎರಡನೆಯ ಮನೆಯವು.

ಇಲ್ಲೂ ನೀರು ಕೈಕೊಡುತ್ತದೆ. ಹತ್ತಿಯ ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿಕೊಳ್ಳಬೇಕು. ಮೇಲಿನ ರೇಷ್ಮೆ ಕುಗ್ಗದೆ ಒಳಗಿನ ಹತ್ತಿ ನೂರಕ್ಕೆ ಮೂರು ಭಾಗ ಕುಗ್ಗಿದರೂ 15 ಇಂಚಿನ ರವಿಕೆಯಲ್ಲಿ ಅರ್ಧ ಇಂಚಿನ ಹತ್ತಿರ ಬರುತ್ತದೆ. ಒಂದೇ ಒಗೆತಕ್ಕೆ ಹೊರಬಟ್ಟೆ ಸುಕ್ಕು ಸುಕ್ಕಾಗಿ ಉಬ್ಬುತ್ತದೆ. ದರ್ಜಿಗಳ ಬಾಯಲ್ಲಿ ಮೂರನೆಯ ಲೈನ್ ಕೂಡ ಇದೆ, ಗುಂಡಿಯ ಅಳತೆ. 40 ಲೈನ್ ಸೇರಿದರೆ 1 ಇಂಚು. ಶರಟಿಗೆ 18 ಲೈನ್, ಅಂದರೆ ಸುಮಾರು 11.4 ಮಿಲಿಮೀಟರ್; ಕೋಟಿನ ಮುಂಭಾಗಕ್ಕೆ 32 ಲೈನ್. ಇದು ಫ್ರೆಂಚರ ಲೀಞ್ ಉಳಿಸಿಹೋದ ಗುರುತು.

ಎತ್ತಿ ನಿಲ್ಲಿಸಬಾರದ್ದು

ಮತ್ತೆ ಫೆಬ್ರವರಿಗೆ. ರೊಬಸ್ಟಾ ಮೊಗ್ಗು ಕಟ್ಟಿ ಕಾಯುತ್ತಿರುತ್ತದೆ, ಅದನ್ನು ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ಒಂದು ಇಂಚು ನೀರು ಕೊಡುವುದು ಎಂದರೆ ಎಕರೆಗೆ 1 ಲಕ್ಷ ಲೀಟರಿಗಿಂತ ತುಸು ಹೆಚ್ಚು. ಅರ್ಧಕ್ಕೆ ನಿಲ್ಲಿಸಿದರೆ ಮೊಗ್ಗು ಅರೆಬರೆ ಅರಳಿ ಒಣಗುತ್ತದೆ, ಆ ವರ್ಷದ ಫಸಲು ಅಲ್ಲೇ ಮುಗಿಯಿತು. ಆದ್ದರಿಂದ ಆ ಎರಡು ಮೂರು ವಾರ ಹಗಲು ರಾತ್ರಿ ಎನ್ನದೆ ಲೈನ್ ಕಿತ್ತು ಲೈನ್ ಹಾಕುವ ಕೆಲಸ. ಒಂದೊಂದು ಅಲ್ಯೂಮಿನಿಯಂ ಪೈಪು 20 ಅಡಿ ಉದ್ದ, ಹೆಗಲ ಮೇಲೆ ಹೊರುವಷ್ಟು ಹಗುರ. ಜೋಡಿಸುವಾಗ ಕೊಕ್ಕೆಯೊಳಗಿನ ರಬ್ಬರ್ ಬಳೆಯಲ್ಲಿ ಮರಳು ಸಿಕ್ಕಿದ್ದರೆ ಅಲ್ಲಿ ಸೋರುತ್ತದೆ, ಸೋರಿದಷ್ಟೂ ಲೈನಿನ ಕೊನೆಯ ಜೆಟ್ಟಿಗೆ, ಅಂದರೆ ತಿರುಗುತ್ತಾ ನೀರು ಚಿಮ್ಮುವ ಬಾಯಿಗೆ, ಒತ್ತಡ ಸಾಲದು. ಕೊನೆಯ ಜೆಟ್ ತಿರುಗುತ್ತಿರುತ್ತದೆ, ಆದರೆ ನೀರು ಬೀಳುವ ವೃತ್ತ ಕುಗ್ಗಿ ನಡುವೆ ಒಣಪಟ್ಟೆ ಉಳಿಯುತ್ತದೆ. ಹೂ ಬಂದ ದಿನ ಆ ಪಟ್ಟೆ ಹಸಿರಾಗಿಯೇ ಕಾಣುತ್ತದೆ.

ಹೇಳಬೇಕಾದ ಮುಖ್ಯ ವಿಷಯ ಇದಲ್ಲ. ಪೈಪಿನೊಳಗೆ ಕೆಸರೋ ಕಪ್ಪೆಯೋ ಸೇರಿರುತ್ತದೆ. ಅದನ್ನು ಕೆಡವಲು ಪೈಪಿನ ಒಂದು ತುದಿಯನ್ನು ನೆಲಕ್ಕೂರಿ ಇನ್ನೊಂದನ್ನು ನೆಟ್ಟಗೆ ಮೇಲಕ್ಕೆತ್ತುವುದು ಎಲ್ಲರ ಕೈಗೆ ತಾನಾಗಿ ಬರುವ ಚಲನೆ. 11 ಕೆವಿ (11 ಸಾವಿರ ವೋಲ್ಟ್) ವಿದ್ಯುತ್ ತಂತಿ ರಸ್ತೆಯಲ್ಲದ ಜಾಗದಲ್ಲಿ ನೆಲದಿಂದ ಇರಬೇಕಾದ ಕನಿಷ್ಠ ಎತ್ತರ ನಿಯಮದ ಪ್ರಕಾರ 4.6 ಮೀಟರ್, ಅಂದರೆ 15 ಅಡಿ. ಪೈಪು 20 ಅಡಿ. ಲೆಕ್ಕ ಇಷ್ಟೇ, ಇದರಲ್ಲಿ ಜೀವಗಳು ಹೋಗಿವೆ. ಅದೇ ತಿಂಗಳಲ್ಲಿ ಕರಿಮೆಣಸು ಕೊಯ್ಲು. ಸಿಲ್ವರ್ ಓಕಿಗೆ ಹಬ್ಬಿದ ಬಳ್ಳಿಗೆ 25, 30 ಅಡಿಯ ಏಣಿ ಬೇಕು, ಅದೂ ಅಲ್ಯೂಮಿನಿಯಮ್ಮೇ. ಒಂದು ಮರದಿಂದ ಇನ್ನೊಂದು ಮರಕ್ಕೆ ಏಣಿಯನ್ನು ಮಲಗಿಸದೆ ನಿಂತಂತೆಯೇ ಇಬ್ಬರು ಹಿಡಿದು ಸಾಗಿಸುವಾಗ ಕಣ್ಣು ಇರುವುದು ಕಾಲಡಿಯ ಕಲ್ಲು ಬೇರಿನ ಮೇಲೆ, ತಲೆಯ ಮೇಲಿನ ತಂತಿ ಎಲೆಗಳ ನಡುವೆ ಕಾಣುವುದೇ ಇಲ್ಲ. ಮಾಡಬೇಕಾದದ್ದು ಸರಳ: ತಂತಿ ಹಾದುಹೋಗುವ ಪಟ್ಟಿಯ ಎರಡೂ ಬದಿಯ ಮರಗಳಿಗೆ ಕೆಂಪು ಬಣ್ಣ ಹಚ್ಚಬೇಕು, ಆ ಗುರುತಿನೊಳಗೆ ಏಣಿ ಮತ್ತು ಪೈಪು ಮಲಗಿಸಿಯೇ ಸಾಗಬೇಕು, ಅಲ್ಲಿನ ಮೆಣಸನ್ನು ತಂತಿಯಲ್ಲಿ ಕರೆಂಟು ನಿಲ್ಲಿಸಿದ ದಿನವಷ್ಟೇ ಕೊಯ್ಯಬೇಕು. ಬಿದಿರು ಸುರಕ್ಷಿತ ಎನ್ನುವ ನಂಬಿಕೆಯೂ ಒದ್ದೆ ಬಿದಿರಿಗೆ ಸಲ್ಲದು. ಹೊಸದಾಗಿ ಬಂದ ಕೆಲಸದವರಿಗೆ ಮೊದಲ ದಿನವೇ, ಅವರ ಭಾಷೆಯಲ್ಲೇ, ಕೈ ಹಿಡಿದು ತೋರಿಸಿ ಹೇಳಬೇಕಾದ ಮಾತಿದು. "ಮೇಲೆ ಲೈನ್ ಇದೆ" ಎಂದಷ್ಟೇ ಕೂಗಿದರೆ ಅಸ್ಸಾಮಿನಿಂದ ಬಂದವರಿಗೆ ಅದು ಮೇಲಿನ ಮನೆಯೋ, ಮೇಲಿನ ಪೈಪೋ, ತಂತಿಯೋ? ಎಲ್ಲರಿಗೂ ಅರ್ಥವಾಗುತ್ತದೆ ಎಂದು ಮೊದಲು ಹೇಳಿದೆನಲ್ಲ, ಆ ಎಲ್ಲರೊಳಗೆ ನಿನ್ನೆ ಬಂದವರು ಸೇರಿಲ್ಲ.

ಜುಲೈಯಲ್ಲಿ ಇದೇ ಲೈನಿನ ಇನ್ನೊಂದು ಮುಖ. ಗಾಳಿಮಳೆಗೆ ಮರ ಬಿದ್ದು ಮೂರು ದಿನ ಕತ್ತಲೆ. ತಂತಿ ಸರಿಪಡಿಸಲು ಬರುವವರು ವಿದ್ಯುತ್ ನಿಗಮದ ಕಾಗದಗಳಲ್ಲಿ ಈಗ ಪವರ್‌ಮ್ಯಾನ್, ಊರಿನ ಬಾಯಲ್ಲಿ ಈಗಲೂ ಲೈನ್‌ಮ್ಯಾನ್. ಜಿಗಣೆ ಹತ್ತಿದ ಕಾಲು, ಹೆಗಲಲ್ಲಿ ಹಗ್ಗ, ರೇನ್‌ಕೋಟಿನೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಫೋನು. ತುಂಡಾದ ತಂತಿಯ ಹತ್ತಿರ ನಿಂತವರು ಮೊದಲು ಕೇಳುವುದು "ಲೈನ್ ಕ್ಲಿಯರ್ ಸಿಕ್ಕಿತಾ?" ಎಂದು. ಕರೆಂಟು ನಿಲ್ಲಿಸಿ ಕೆಲಸಕ್ಕೆ ಬಿಡುವ, ಎಲ್‌ಸಿ ಎಂದು ಕರೆಯುವ ಆ ಅನುಮತಿಯನ್ನು ಯಾರು, ಯಾವ ಫೀಡರಿಗೆ, ಎಷ್ಟು ಹೊತ್ತಿಗೆ ತೆಗೆದುಕೊಂಡರು ಎಂದು ಉಪಕೇಂದ್ರದಲ್ಲಿ ಬರೆದುಕೊಳ್ಳುತ್ತಾರೆ, ಅದೇ ವ್ಯಕ್ತಿ ಹಿಂದಿರುಗಿಸುವವರೆಗೆ ಸ್ವಿಚ್ ಮುಟ್ಟುವಂತಿಲ್ಲ. ಅನುಮತಿ ಸಿಕ್ಕ ಮೇಲೂ ಹತ್ತಿರದ ಕಂಬದ ಸ್ವಿಚ್ ತೆಗೆಯಬೇಕು, ತಂತಿ ಸತ್ತಿದೆಯೇ ಪರೀಕ್ಷಿಸಬೇಕು, ಕೆಲಸ ಮಾಡುವ ಜಾಗದ ಎರಡೂ ಬದಿಯಲ್ಲಿ ತಂತಿಯನ್ನು ಭೂಮಿಗೆ ಕಟ್ಟಬೇಕು. ಎರಡೂ ಬದಿ ಏಕೆಂದರೆ ಕರೆಂಟು ಉಪಕೇಂದ್ರದಿಂದಷ್ಟೇ ಬರುತ್ತದೆ ಎಂದು ನಂಬುವ ಹಾಗಿಲ್ಲ. ಯಾವುದೋ ಮನೆಯಲ್ಲಿ ಜನರೇಟರನ್ನು, ಹೊರಗಿನ ತಂತಿಯಿಂದ ಅದನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ, ನೇರ ಬೋರ್ಡಿಗೆ ಕೊಟ್ಟಿದ್ದರೆ ಅದರ 230 ವೋಲ್ಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಹೊಕ್ಕು ಆಚೆ ಬದಿಗೆ ಸಾವಿರಗಟ್ಟಲೆ ವೋಲ್ಟ್ ಆಗಿ ಹೊರಬರುತ್ತದೆ. ಮಳೆಗಾಲದಲ್ಲಿ ಜನರೇಟರ್ ಓಡಿಸುವ ಪ್ರತಿಯೊಂದು ಮನೆಯವರೂ ಚೇಂಜ್‌ಓವರ್ ಹಾಕಿಸಲೇಬೇಕು. ಅದರ ಖರ್ಚು ಕಂಬದ ಮೇಲಿರುವವರ ಜೀವಕ್ಕೆ ಏನೇನೂ ಅಲ್ಲ.

ದಾಟಬಾರದ್ದು

ಎಳೆದ ಗೆರೆ ಗಡಿಯೂ ಆಗುತ್ತದೆ. ಈಗ ಸಾಲ ನವೀಕರಣಕ್ಕೂ ಅರ್ಜಿಗೂ ಬಳಸುವ ಡೆಡ್‌ಲೈನ್ ಹುಟ್ಟಿದ್ದು ಅಮೆರಿಕದ ಅಂತರ್ಯುದ್ಧದ ಸೆರೆ ಶಿಬಿರದಲ್ಲಿ. 1864ರಲ್ಲಿ ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ ಬೇಲಿಗಿಂತ ಒಳಗೆ ಒಂದು ಸಣ್ಣ ಅಡ್ಡಗಟ್ಟಿತ್ತು, ಅದನ್ನು ದಾಟಿದ ಸೈನಿಕ ಸೆರೆಯಾಳಿಗೆ ಕಾವಲಿನವರು ಗುಂಡು ಹೊಡೆಯುತ್ತಿದ್ದರು. ಗಡುವು ಎಂಬ ಅರ್ಥ ಪತ್ರಿಕಾ ಕಚೇರಿಗಳಿಂದ ಆಮೇಲೆ ಬಂತು. ಕನ್ನಡದ ಗಡುವು ಎಷ್ಟೋ ಮೃದು.

ಕೊಡಗಿನಲ್ಲಿ ಇಲ್ಲದ ಲೈನ್ ಒಂದೇ, ರೈಲಿನದು. ಜಿಲ್ಲೆಯೊಳಗೆ ರೈಲು ಓಡುವುದಿಲ್ಲ. ಆದರೂ ನಾಗರಹೊಳೆಯ ಅಂಚಿನಲ್ಲಿ ರೈಲು ಹಳಿಗಳನ್ನು ನೋಡಬಹುದು. ಹಳೆಯ ಹಳಿಗಳನ್ನು ತಂದು ಕಂಬವಾಗಿ ನೆಟ್ಟು, ಅಡ್ಡಕ್ಕೆ ಬೆಸೆದು, ಆನೆ ತೋಟಕ್ಕೆ ಬಾರದಿರಲೆಂದು ಕಟ್ಟಿದ ಬೇಲಿ.

ಬಾಗಿಲುಗಳ ಸಾಲು

ಉಳಿದ ಅರ್ಥಗಳನ್ನು ಕುತೂಹಲದಿಂದ ನೋಡಬಹುದು. ಲೈನ್ ಮನೆ ಎಂಬುದನ್ನು ಹಾಗೆ ನೋಡಲು ಆಗುವುದಿಲ್ಲ. ಬ್ರಿಟಿಷ್ ಸೈನ್ಯದವರು ದಂಡಿನಲ್ಲಿ ಸಿಪಾಯಿಗಳ ಗುಡಾರ, ಕೊಟ್ಟಿಗೆ, ವಸತಿಗಳನ್ನು ಸಾಲಾಗಿ ಹಾಕಿಸಿ ಅವನ್ನು ಲೈನ್ಸ್ ಎನ್ನುತ್ತಿದ್ದರು. ಉತ್ತರದ ಊರುಗಳಲ್ಲಿರುವ ಸಿವಿಲ್ ಲೈನ್ಸ್, ನಮ್ಮಲ್ಲಿನ ಪೊಲೀಸ್ ಲೈನ್ ಆ ಮಾತಿನ ಉಳಿಕೆ. 1834ರಲ್ಲಿ ಕೊಡಗು ಅವರ ಕೈಸೇರಿತು, 1854ರಲ್ಲಿ ಮಡಿಕೇರಿಯ ಹತ್ತಿರ ಫೌಲರ್ ಎಂಬಾತ ಯೂರೋಪಿಯನ್ನರ ಮೊದಲ ಕಾಫಿ ತೋಟ ತೆರೆದ. ತೋಟಕ್ಕೆ ಬಯಲುಸೀಮೆಯಿಂದ, ತಮಿಳುನಾಡಿನಿಂದ, ಮಲಬಾರಿನಿಂದ ಬಂದವರನ್ನು ಇರಿಸಲು ಕಟ್ಟಿದ ಉದ್ದನೆಯ ಕಟ್ಟಡಕ್ಕೆ ದಂಡಿನ ಹೆಸರೇ ಬಂತು.

ಅದರ ರಚನೆ ನೋಡಿದರೆ ಹೆಸರು ಎಷ್ಟು ಸರಿ ಎಂದು ಗೊತ್ತಾಗುತ್ತದೆ. ಒಂದೇ ಉದ್ದನೆಯ ಮಾಡು (ಚಾವಣಿ), ಅದರ ಕೆಳಗೆ ಆರೋ ಎಂಟೋ ಹತ್ತೋ ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದು ಕೋಣೆ, ಒಂದು ಅಡುಗೆ ಜಾಗ. ನಡುಗೋಡೆ ಇಬ್ಬರಿಗೂ ಒಂದೇ ಆದ್ದರಿಂದ ಕಟ್ಟುವ ಖರ್ಚು ಉಳಿಯುತ್ತದೆ. ಹಳೆಯ ಲೈನುಗಳಲ್ಲಿ ಆ ಗೋಡೆ ಹೆಂಚಿನವರೆಗೆ ಹೋಗುವುದಿಲ್ಲ, ಮೇಲೆ ತೆರೆದೇ ಇರುತ್ತದೆ. ಈ ಮನೆಯ ಒಲೆಯ ಹೊಗೆ, ಮಗುವಿನ ಕೆಮ್ಮು, ಗಂಡ ಹೆಂಡಿರ ಮಾತು ಎಲ್ಲವೂ ಆ ತೆರಪಿನಿಂದ ಸಾಲಿನ ಕೊನೆಯವರೆಗೆ ಹೋಗುತ್ತದೆ. ಮಾಡು ಒಂದೇ ಆದ್ದರಿಂದ ನಡುವೆ ಹೆಂಚು ಹೊರುವ ಒಂದು ಪಕಾಸು ಕೊಳೆತರೆ ಎರಡೂ ಕಡೆ ಸೋರುತ್ತದೆ, ಒಬ್ಬರೇ ರಿಪೇರಿ ಮಾಡಿಕೊಳ್ಳಲಾಗದು. ಎದುರಿನ ಅಂಗಳದಲ್ಲಿ ನಿಂತು ಒಮ್ಮೆ ಕಣ್ಣಾಡಿಸಿದರೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ, ಯಾರು ಕೆಲಸಕ್ಕೆ ಹೊರಟಿಲ್ಲ ಎಲ್ಲವೂ ಕಾಣುತ್ತದೆ. ದಂಡಿನಲ್ಲೂ ಸಾಲು ಹಾಕಿದ್ದು ಇದಕ್ಕೇ. ಅಗಸೆ ನೂಲಿನಿಂದ ಹೊರಟ ಪದ ಮನುಷ್ಯರನ್ನೂ ಗಿಡದ ಹಾಗೆ ಎಣಿಸುವ ಜಾಗಕ್ಕೆ ಬಂದು ನಿಂತಿತು ಎಂದು ಹೇಳದೆ ಬಿಡಲಾಗದು.

1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ವಸತಿ ಕೊಡುವುದನ್ನು ಮಾಲೀಕರ ಕರ್ತವ್ಯವಾಗಿಸಿತು. ಆ ಕರ್ತವ್ಯದ ಇನ್ನೊಂದು ಬದಿ ಎಂದರೆ ಮನೆಯು ಕೆಲಸದ ಜೊತೆಗೆ ಕಟ್ಟಿಕೊಂಡಿದೆ, ಕೆಲಸ ಬಿಟ್ಟರೆ ಸೂರೂ ಬಿಡಬೇಕು. ಸಣ್ಣ ತೋಟಗಳ ಲೈನುಗಳಲ್ಲಿ ತಲೆಮಾರುಗಳಿಂದ ಇದ್ದ ಆದಿವಾಸಿಗಳಾದ ಯರವರಿಗೆ, ಜೇನುಕುರುಬರಿಗೆ ಊರಿನಲ್ಲಿ ತಮ್ಮದೆನ್ನುವ ಜಾಗ ಇರಲಿಲ್ಲ. 2016ರ ಡಿಸೆಂಬರಿನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳು ತೆರವಾದಾಗ ಅಲ್ಲಿ ಕೂತು ಹೋರಾಡಿದವರಲ್ಲಿ ಎಷ್ಟೋ ಮಂದಿ ಲೈನ್ ಮನೆ ಬಿಟ್ಟು ಬಂದವರು. ಬಳಿಕ ಬ್ಯಾಡಗೊಟ್ಟ, ಬಸವನಹಳ್ಳಿಗಳಲ್ಲಿ ಬೇರೆ ಬೇರೆ ಗೋಡೆಯ ಮನೆಗಳಾದವು. ವಿಳಾಸದಲ್ಲಿ ಮಾಲೀಕರ ತೋಟದ ಹೆಸರಿನ ಬದಲು ಊರಿನ ಹೆಸರು ಬರೆಯುವುದು ಸಣ್ಣ ಸಂಗತಿಯಲ್ಲ. ಹೊಸ ಲೈನುಗಳನ್ನು ಕಟ್ಟಿಸುವವರು ಕನಿಷ್ಠ ನಡುಗೋಡೆಯನ್ನು ಮಾಡಿನವರೆಗೆ ಏರಿಸಲಿ, ಪ್ರತಿ ಮನೆಗೂ ಹಿಂದೊಂದು ಬಾಗಿಲು, ತನ್ನದೇ ಶೌಚಾಲಯ ಇಡಲಿ. ಎಂಟು ಇಂಚಿನ ಸಿಮೆಂಟ್ ಇಟ್ಟಿಗೆಯ ನಾಲ್ಕೈದು ಸಾಲು ಹೆಚ್ಚಿಗೆ ಬೇಕಾಗುತ್ತದೆ, ಅಷ್ಟೇ.

ಜುಲೈ-ಆಗಸ್ಟಿನ ಆಟಿಯ ಮಳೆಯಲ್ಲಿ ಲೈನ್ ಮನೆಯ ಒಳಗೆ ಹೋದರೆ ಒಲೆಯ ಮೇಲ್ಗಡೆ, ಗೋಡೆಯಿಂದ ಗೋಡೆಗೆ, ಒಂದು ಹಗ್ಗ ಕಟ್ಟಿರುತ್ತದೆ. ಹೆಚ್ಚಾಗಿ ಅದು ಲೈನಿಂಗ್ ಮುಗಿದ ಮೇಲೆ ಉಳಿದ ನೈಲಾನಿನ ತುಂಡು, ಅಲ್ಲಲ್ಲಿ ಬಣ್ಣದ ಬಟ್ಟೆಯ ಗಂಟು ಇನ್ನೂ ಇರುತ್ತದೆ. ಹೊರಗೆ ವಾರಗಟ್ಟಲೆ ಬಿಸಿಲಿಲ್ಲ, ಒದ್ದೆ ಬಟ್ಟೆ ಒಣಗಬೇಕಾದರೆ ಒಲೆಯ ಕಾವಿಗೇ ಒಣಗಬೇಕು. ಬಟ್ಟೆಯ ಭಾರಕ್ಕೆ ನೈಲಾನು ಹಿಗ್ಗಿ ನಡುವೆ ಜೋತುಬಿದ್ದು ಬೆಂಕಿಗೆ ಹತ್ತಿರವಾಗುತ್ತದೆ, ಅದಕ್ಕಾಗಿ ಪ್ರತಿ ಸಂಜೆ ಒಂದು ತುದಿ ಬಿಚ್ಚಿ ಬಿಗಿದು ಕಟ್ಟುತ್ತಾರೆ. ಎರಡು ತುದಿಯ ನಡುವೆ ಎಳೆದು ಕಟ್ಟಿದ ಹುರಿ, ಅದರ ಮೇಲೊಂದು ಬಟ್ಟೆ: ಆ ಪದಕ್ಕೆ ಇದ್ದ ಅತ್ಯಂತ ಹಳೆಯ ಅರ್ಥ ಇದೇ. ಆ ಮನೆಯಲ್ಲಿ ಅದನ್ನು ಯಾರೂ ಲೈನ್ ಅನ್ನುವುದಿಲ್ಲ, ಹಗ್ಗ ಅನ್ನುತ್ತಾರೆ.